ತೋಟೆ ತುಂಬುವ ಮೇಜಿನ ಮೇಲೆ ಏನಿರಬೇಕು: ಆಕ್ಷೇಪಗಳಿಗೆ ಉತ್ತರ

ರೈಫಲ್ ತೋಟೆಗಳನ್ನು ಮನೆಯಲ್ಲೇ ಮರುತುಂಬಲು ಹೊರಟವರು ಮೊದಲ ದುಡ್ಡನ್ನು ಕೇಸಿಗೆ ಗುಂಡು ಒತ್ತಿ ಕೂರಿಸುವ ಪ್ರೆಸ್ಸಿಗೆ ಸುರಿಯಬಾರದು, ಅಳೆಯುವ ಸಲಕರಣೆಗೆ ಹಾಕಬೇಕು ಎಂದು ನಾನು ಸಲಕರಣೆಗಳ ಪಟ್ಟಿಯೊಂದಿಗೆ ಹಿಂದೆ ಬರೆದದ್ದು ಇಲ್ಲಿನ ಹಲವರಿಗೆ ಹಿಡಿಸಿಲ್ಲ. ಇಲ್ಲಿ ಎಂದರೆ ಅರಿಝೋನಾದ ಫೀನಿಕ್ಸ್. ಊರಿನ ಉತ್ತರ ದಿಕ್ಕಿನ ಬೆನ್ ಏವರಿ ರೇಂಜಿನಲ್ಲಿ 1000 ಗಜದ ಸಾಲಿದೆ. ಅಲ್ಲಿ ಗುರಿ ಅಭ್ಯಾಸಕ್ಕೆ ಬರುವವರಲ್ಲಿ ಬಹುಪಾಲು ಜನ ತಮ್ಮ ತೋಟೆಗಳನ್ನು ತಾವೇ ತುಂಬಿಕೊಂಡು ಬರುತ್ತಾರೆ. ಆಕ್ಷೇಪಗಳು ಬಂದಿರುವುದು ಈ ಕೆಲಸ ಬಲ್ಲವರಿಂದಲೇ. ಆದ್ದರಿಂದ ಒಂದೊಂದಕ್ಕೂ ಉತ್ತರ ಕೊಡುವುದು ನನ್ನ ಕರ್ತವ್ಯ.

ಅದಕ್ಕೆ ಮೊದಲು ಭಾರತದಲ್ಲಿರುವ ಓದುಗರಿಗೆ ಒಂದು ಮಾತು. ನಾನು ಬರೆಯುತ್ತಿರುವುದು ಈ ಹವ್ಯಾಸಕ್ಕೆ ಕಾನೂನಿನ ಅಡ್ಡಿಯಿಲ್ಲದ ಅಮೆರಿಕದ ಮಾತು. ಭಾರತದಲ್ಲಿ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿನ 50 ಮೀಟರ್ ಸ್ಪರ್ಧಿಗಳು ಬಳಸುವ .22 ರಿಮ್‌ಫೈರ್ ತೋಟೆಯನ್ನಂತೂ ಮತ್ತೆ ತುಂಬುವ ಪ್ರಶ್ನೆಯೇ ಇಲ್ಲ. ಸಿಡಿಯುವ ರಾಸಾಯನಿಕ ಅದರ ಅಂಚಿನ ಮಡಿಕೆಯೊಳಗೇ ಇರುತ್ತದೆ, ಕೇಪನ್ನು ಬಿಚ್ಚಿ ಹೊಸದು ಕೂರಿಸಲು ಬರುವುದಿಲ್ಲ.

ಮೊದಲ ಆಕ್ಷೇಪ ಪ್ರೆಸ್ಸಿನದು. ಎರಕದ ಕಬ್ಬಿಣದ ಭಾರಿ ಪ್ರೆಸ್ ಇಲ್ಲದೆ ನಿಖರತೆ ಬರುವುದಿಲ್ಲ, ಹಗುರ ಪ್ರೆಸ್ ಬಾಗುತ್ತದೆ, ಬಾಗಿದರೆ ಗುಂಡು ಓರೆಯಾಗಿ ಕೂರುತ್ತದೆ ಎಂಬ ವಾದ. ಹಾಗಾದರೆ ಗುರಿಕಾಗದದ ಮೇಲೆ ಜಗತ್ತಿನ ಅತಿ ಸಣ್ಣ ಗುಂಪುಗಳನ್ನು ಹೊಡೆಯುವ ಬೆಂಚ್‌ರೆಸ್ಟ್ ಸ್ಪರ್ಧಿಗಳ ಮೇಜನ್ನು ಹೋಗಿ ನೋಡಬೇಕು. 1975ರಲ್ಲಿ ಲೂ ಪಾಲ್ಮಿಸಾನೋ ಮತ್ತು ಫೆರಿಸ್ ಪಿಂಡೆಲ್ ಸೇರಿ ರೂಪಿಸಿದ 6 ಪಿಪಿಸಿ ತೋಟೆಯೇ ಆ ಆಟವನ್ನು ಇವತ್ತಿಗೂ ಆಳುತ್ತಿದೆ. ಅದನ್ನು ಹೊಡೆಯುವವರು ಸ್ಪರ್ಧೆಯ ಮೈದಾನದಲ್ಲೇ, ಒಂದು ಸುತ್ತಿಗೂ ಇನ್ನೊಂದು ಸುತ್ತಿಗೂ ನಡುವೆ ಅದೇ ಕೇಸುಗಳನ್ನು ಮತ್ತೆ ತುಂಬಿಕೊಳ್ಳುತ್ತಾರೆ. ಗುಂಡನ್ನು ಕೂರಿಸಲು ಅವರ ಕೈಯಲ್ಲಿರುವುದು ಸೂಟ್‌ಕೇಸಿನಲ್ಲಿ ಹಿಡಿಸುವ ಪುಟ್ಟ ಆರ್ಬರ್ ಪ್ರೆಸ್ ಮತ್ತು ವಿಲ್ಸನ್ ಮಾದರಿಯ ಕೈ ಡೈ. ಅಲ್ಲಿ ಕೇಸನ್ನು ನೆಟ್ಟಗೆ ಹಿಡಿದು ನಿಲ್ಲಿಸುವುದು ಡೈ. ಪ್ರೆಸ್ಸಿನ ಕೆಲಸ ಮೇಲಿನಿಂದ ಒತ್ತುವುದಷ್ಟೇ.

ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಪ್ರೆಸ್ಸನ್ನು ಹೆಸರಿಸಿ ನನ್ನನ್ನು ಪ್ರಶ್ನಿಸಿದವರಿದ್ದಾರೆ. ಒಳ್ಳೆಯ ಪ್ರೆಸ್, ಮೊಮ್ಮಕ್ಕಳ ಕಾಲಕ್ಕೂ ಉಳಿಯುವಂಥದ್ದು. ಆದರೆ ಆ ಕಂಪನಿಯ ಮೂಲ ನೋಡಿ: 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಶುರುಮಾಡಿದ್ದು ಗುಂಡು ರೂಪಿಸುವ ಡೈಗಳ ತಯಾರಿಕೆಯನ್ನು. ಹೆಸರಿನಲ್ಲಿರುವ ನಾಲ್ಕು ಅಕ್ಷರಗಳೂ ಆ ಡೈಯಿಂದಲೇ ಬಂದವು. ದೊಡ್ಡ ಮ್ಯಾಗ್ನಂ ಕೇಸುಗಳನ್ನು ಮರುಅಳತೆಗೆ ತರುವವರಿಗೆ, ಒಂದು ಜಾತಿಯ ಕೇಸನ್ನು ಇನ್ನೊಂದಾಗಿ ಮಾರ್ಪಡಿಸುವವರಿಗೆ ಗಟ್ಟಿ ಸನ್ನೆಯ ಪ್ರೆಸ್ ಬೇಕೇಬೇಕು, ಒಪ್ಪುತ್ತೇನೆ. .308 ಅಥವಾ 6.5 ಕ್ರೀಡ್‌ಮೋರ್ ತುಂಬುವವರಿಗೆ ಸಾಧಾರಣ ಬೆಲೆಯ ಒಂಟಿ ಹಂತದ ಪ್ರೆಸ್ ಧಾರಾಳವಾಗಿ ಸಾಕು.

ಎರಡನೆಯದು ವೇಗದ ಮಾತು. ಹಿಡಿ ಒಮ್ಮೆ ಎಳೆದರೆ ಒಂದು ತೋಟೆ ಹೊರಬರುವ ಪ್ರೊಗ್ರೆಸಿವ್ ಯಂತ್ರವನ್ನು ಮೊದಲೇ ಕೊಂಡರೆ ಮುಂದೆ ಎರಡನೇ ಸಲ ಖರ್ಚಿಲ್ಲ ಎನ್ನುತ್ತಾರೆ. ಸರ್ವಿಸ್ ರೈಫಲ್ ಅಭ್ಯಾಸಕ್ಕೆ .223 ತೋಟೆಗಳನ್ನು ರಾಶಿರಾಶಿಯಾಗಿ ತುಂಬುವವರ ಮಟ್ಟಿಗೆ ಅದು ಸರಿ. ಸಣ್ಣ ಗೋಲಿಯಂಥ ಬಾಲ್ ಪೌಡರ್ ಆ ಯಂತ್ರದ ಅಳತೆಯಲ್ಲಿ ನೀರಿನಂತೆ ಹರಿಯುತ್ತದೆ. ದೂರದ ಗುರಿಗೆ ಬಳಸುವ ಉದ್ದ ಕಡ್ಡಿಯ ಮದ್ದು ಹಾಗಲ್ಲ. ಅಳತೆಯ ಬಾಯಿಯಲ್ಲಿ ಕಡ್ಡಿ ಸಿಕ್ಕಿ ಕಟ್ ಎಂದು ಮುರಿಯುತ್ತದೆ, ಆ ಸಲದ ತೂಕ ಏರುಪೇರಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಹೊಸಬರ ಕಣ್ಣು ಏಕಕಾಲಕ್ಕೆ ನಾಲ್ಕೈದು ಕಡೆ ಇರಲಾರದು. ಒಂಟಿ ಹಂತದ ಕೆಲಸದಲ್ಲಿ ಮದ್ದು ಹಾಕಿದ ಕೇಸುಗಳೆಲ್ಲ ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಂತಿರುತ್ತವೆ. ಗುಂಡು ಕೂರಿಸುವ ಮೊದಲು ಟಾರ್ಚು ಹಿಡಿದು ಒಂದೊಂದರ ಒಳಗೂ ನೋಡಬಹುದು. ಮದ್ದೇ ಬೀಳದ ಕೇಸು, ಹೆಚ್ಚು ಬಿದ್ದ ಕೇಸು ಅಲ್ಲೇ ಸಿಕ್ಕಿಬೀಳುತ್ತದೆ. ಈ ಒಂದು ನೋಟಕ್ಕಾಗಿಯೇ ನಾನು ಹೊಸಬರಿಗೆ ನಿಧಾನದ ದಾರಿಯನ್ನು ಹೇಳುವುದು.

ತಕ್ಕಡಿಯ ಬಗ್ಗೆ ಬಂದ ಆಕ್ಷೇಪ ಎಲ್ಲಕ್ಕಿಂತ ಜೋರಿನದು, ಉತ್ತರವೂ ಸ್ವಲ್ಪ ಉದ್ದ. ಡಿಜಿಟಲ್ ಯುಗದಲ್ಲಿ ದಂಡದ ತಕ್ಕಡಿಯನ್ನು ಹೊಗಳುವುದು ಹಳೆಯದರ ವ್ಯಾಮೋಹ ಎಂದು ಒಬ್ಬರು ಬರೆದಿದ್ದಾರೆ. ಲೆಕ್ಕ ನೋಡೋಣ. ಮದ್ದನ್ನು ತೂಗುವುದು ಗ್ರೇನ್ ಎಂಬ ಮಾನದಲ್ಲಿ. ಒಂದು ಪೌಂಡಿಗೆ 7000 ಗ್ರೇನ್. ಒಂದು ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮಗೆ ತಿಳಿಯಬೇಕಾದದ್ದು ಅದರ ಹತ್ತನೇ ಒಂದು ಪಾಲು. ಅಗ್ಗದ ಡಿಜಿಟಲ್ ತಕ್ಕಡಿಯ ಹೊಟ್ಟೆಯಲ್ಲಿರುವುದು ಬಾಗುವ ಲೋಹದ ತುಂಡು, ಅದಕ್ಕೆ ಅಂಟಿಸಿದ ತಂತಿಪಟ್ಟಿ. ಕೋಣೆಯ ಬಿಸಿ ಬದಲಾದರೆ ಅದರ ಸೊನ್ನೆ ಜಾರುತ್ತದೆ. ಫೀನಿಕ್ಸಿನ ಬೇಸಿಗೆಯಲ್ಲಿ ಎಸಿ ಒಮ್ಮೆ ನಿಂತು ಒಮ್ಮೆ ಓಡುವ ಮನೆಯೊಳಗೆ ಅದು ಇಡೀ ಸಂಜೆ ಜಾರುತ್ತಲೇ ಇರುತ್ತದೆ. ಇನ್ನೂ ಕೆಟ್ಟದ್ದು, ಈ ಜಾರುವಿಕೆಯನ್ನು ಮುಚ್ಚಲು ಹಲವು ತಕ್ಕಡಿಗಳು ಸಣ್ಣ ಬದಲಾವಣೆಯನ್ನು ತಾವೇ ಸೊನ್ನೆಗೆ ಎಳೆದುಕೊಳ್ಳುತ್ತವೆ. ನಾವು ಒಂದೊಂದೇ ಕಡ್ಡಿ ಮದ್ದು ಉದುರಿಸುತ್ತಿದ್ದರೆ ಅದನ್ನೂ ಜಾರುವಿಕೆ ಎಂದೇ ಎಣಿಸಿ ನುಂಗಿಬಿಡುತ್ತವೆ. ಪರದೆಯ ಮೇಲಿನ ಅಂಕಿ ಅಲುಗುವುದೇ ಇಲ್ಲ, ತಟ್ಟೆಯಲ್ಲಿ ಮದ್ದು ಏರುತ್ತಿರುತ್ತದೆ.

ದಂಡದ ತಕ್ಕಡಿಯಲ್ಲಿ ಕೆಲಸ ಮಾಡುವುದು ಭೂಮಿಯ ಸೆಳೆತ, ಚೂರಿಯಂಚಿನ ಆಸರೆ, ಓಲಾಟ ನಿಲ್ಲಿಸಲು ಒಂದು ಆಯಸ್ಕಾಂತ. ಅದರ ದೋಷಗಳು ನನಗೆ ಗೊತ್ತು: ನಿಧಾನ, ಗಾಳಿ ಬೀಸಿದರೆ ಕುಣಿತ, ಚೂರಿಯಂಚಿಗೆ ಧೂಳು ಕೂತರೆ ಜಡ. ಆದರೆ ಈ ದೋಷಗಳೆಲ್ಲ ಕಣ್ಣಿಗೆ ಕಾಣುತ್ತವೆ. ದುಡ್ಡಿದ್ದವರು ಕಾಂತಬಲದಿಂದ ತೂಕವನ್ನು ಸರಿದೂಗಿಸುವ ಪ್ರಯೋಗಾಲಯ ಬಗೆಯ ತಕ್ಕಡಿ ಕೊಳ್ಳಲಿ. ಎ ಅಂಡ್ ಡಿ ಕಂಪನಿಯ ಎಫ್‌ಎಕ್ಸ್-120ಐ ಅಂಥದ್ದು, 0.02 ಗ್ರೇನ್‌ವರೆಗೆ ತೋರಿಸುತ್ತದೆ, ಅಂದರೆ ಹೆಚ್ಚುಕಡಿಮೆ ಒಂದು ಕಡ್ಡಿ ಮದ್ದಿನ ತೂಕ. ನನ್ನ ತಕರಾರು ಈ ಎರಡರ ನಡುವಿನ ಅಗ್ಗದ ಪೆಟ್ಟಿಗೆಯ ಮೇಲೆ ಮಾತ್ರ. ಯಾವುದನ್ನೇ ಕೊಂಡರೂ ಜೊತೆಗೆ ಪರೀಕ್ಷಾ ತೂಕದ ಬೊಟ್ಟುಗಳು ಇರಲೇಬೇಕು. ಅವಿಲ್ಲದ ತಕ್ಕಡಿ ಹೇಳಿದ್ದನ್ನು ನಂಬಲು ನಮಗೆ ಆಧಾರವೇ ಇಲ್ಲ.

ಇದಕ್ಕೆ ಪ್ರತಿಯಾಗಿ ಇನ್ನೊಬ್ಬರು ಜಾಣತನದ ಪ್ರಶ್ನೆ ಎತ್ತಿದ್ದಾರೆ. ನೀವೇ ಮೆಚ್ಚುವ ಬೆಂಚ್‌ರೆಸ್ಟ್ ಜನ ಮದ್ದನ್ನು ತೂಗುವುದೇ ಇಲ್ಲ, ಅಳತೆಯಿಂದ ಸುರಿಯುತ್ತಾರೆ, ಹಾಗಿರುವಾಗ ತಕ್ಕಡಿಯ ರಾಮಾಯಣ ಏಕೆ ಎಂದು. ಅವರು ಹೇಳಿದ್ದು ನಿಜ. ಆದರೆ ಆ ಜನ ಹೊಡೆಯುವುದು 100 ಮತ್ತು 200 ಗಜಕ್ಕೆ. ಅಷ್ಟು ಹತ್ತಿರದಲ್ಲಿ ವೇಗದ ಸಣ್ಣ ವ್ಯತ್ಯಾಸ ಕಾಗದದ ಮೇಲೆ ಕಾಣುವುದಿಲ್ಲ. 1000 ಗಜದಲ್ಲಿ ಹೊರಡುವ ವೇಗ ಸೆಕೆಂಡಿಗೆ 10 ಅಡಿ ಬದಲಾದರೆ ಗುಂಡು ಸುಮಾರು 3 ಇಂಚು ಮೇಲೆ ಕೆಳಗೆ ಆಗುತ್ತದೆ. .308ರ ಗಾತ್ರದ ಕೇಸಿನಲ್ಲಿ ಒಂದು ಗ್ರೇನಿನ ಹತ್ತನೇ ಒಂದು ಪಾಲು ಮದ್ದಿಗೆ ಸುಮಾರು 5 ಅಡಿ ವೇಗ. ಹಾಗಾಗಿ ತಕ್ಕಡಿ ಗೊತ್ತಿಲ್ಲದೆ 0.3 ಗ್ರೇನ್ ಜಾರಿದರೆ 4ರಿಂದ 5 ಇಂಚು ಅಲ್ಲೇ ಹೋಯಿತು. ಆ ದೂರದ ಎಫ್-ಕ್ಲಾಸ್ ಸ್ಪರ್ಧೆಯ ಗುರಿಹಲಗೆಯ ಹತ್ತರ ವೃತ್ತಕ್ಕೆ 10 ಇಂಚು ಅಗಲ, ಅದರೊಳಗಿನ ಎಕ್ಸ್ ವೃತ್ತಕ್ಕೆ 5 ಇಂಚು. ಎಷ್ಟು ದೂರಕ್ಕೆ ಹೊಡೆಯುತ್ತೀರಿ ಎಂಬುದೇ ಸಲಕರಣೆಯನ್ನು ಆರಿಸಬೇಕು. ಇದೇ ಲೆಕ್ಕ ನನ್ನ ಇನ್ನೊಂದು ಬದಿಯ ಟೀಕಾಕಾರರಿಗೂ ಉತ್ತರ: ಕಡ್ಡಿ ಲೆಕ್ಕದ ತೂಕದಿಂದ ಸಿಗುವುದು ಸೆಕೆಂಡಿಗೆ ಒಂದಡಿಯಷ್ಟು ಲಾಭ, ಕೇಪು, ಕೇಸು, ನಳಿಗೆಯ ಬಿಸಿ ಇವು ತರುವ ಏರುಪೇರು ಅದಕ್ಕಿಂತ ದೊಡ್ಡದು. ಮೊದಲ ವರ್ಷದಲ್ಲೇ ಅದರ ಬೆನ್ನು ಹತ್ತಬೇಕಿಲ್ಲ.

ಕತ್ತನ್ನು ಮಾತ್ರ ಮರುಅಳತೆಗೆ ತರುವ ಡೈ ಸಾಕು, ಕೇಸಿನ ಮೈಯನ್ನು ಮುಟ್ಟಬೇಡಿ ಎಂಬ ಹಿರಿಯರ ಸಲಹೆಗೆ ನಾನು ಗೌರವದಿಂದಲೇ ಭಿನ್ನವಾಗಿ ನಿಲ್ಲುತ್ತೇನೆ. ಅವರ ತರ್ಕ ಹೀಗೆ: ಹೊಡೆದ ಕೇಸು ಚೇಂಬರಿನ ಆಕಾರಕ್ಕೆ ಉಬ್ಬಿಕೊಂಡಿರುತ್ತದೆ, ಅದನ್ನು ಹಾಗೇ ಬಿಟ್ಟರೆ ಮುಂದಿನ ಸಲ ಅಚ್ಚುಕಟ್ಟಾಗಿ ಕೂರುತ್ತದೆ. ಒಂದೆರಡು ಸಲ ಅದು ನಿಜವೇ. ಆಮೇಲೆ ಕೇಸಿನ ಬುಡ, ಭುಜ ಎರಡೂ ಬಿಗಿಯಾಗುತ್ತಾ ಬರುತ್ತವೆ. ಬೋಲ್ಟನ್ನು ಒತ್ತಿ ಮುಚ್ಚಬೇಕು, ಎಳೆದು ಎತ್ತಬೇಕು. ಒತ್ತುವಾಗ ರೈಫಲ್ ಚೀಲದ ಮೇಲೆ ಕೂತ ಜಾಗದಿಂದ ಕದಲುತ್ತದೆ. ಈಗ ಬೆಂಚ್‌ರೆಸ್ಟ್‌ನವರಲ್ಲೂ ದೂರದ ಗುರಿಯವರಲ್ಲೂ ಹೆಚ್ಚಿನವರು ಪ್ರತಿ ಸಲ ಇಡೀ ಕೇಸನ್ನು ಮರುಅಳತೆಗೆ ತರುತ್ತಾರೆ. ಗುಟ್ಟಿರುವುದು ಎಷ್ಟು ಎಂಬುದರಲ್ಲಿ. ಬೋಲ್ಟ್ ರೈಫಲಿಗೆ ಭುಜವನ್ನು 0.001ರಿಂದ 0.002 ಇಂಚಿನಷ್ಟು ಹಿಂದಕ್ಕೆ ತಳ್ಳಿದರೆ ಸಾಕು.

ಡೈಯ ಪೆಟ್ಟಿಗೆಯಲ್ಲಿ ಬರುವ ಚೀಟಿ ಸಾಮಾನ್ಯವಾಗಿ ಹೇಳುವುದೇನು? ಡೈ ಕೇಸನ್ನು ಹಿಡಿದಿರುವ ಕೆಳಗಿನ ಹಿಡಿಕೆಗೆ ತಾಗುವವರೆಗೆ ತಿರುಗಿಸಿ, ಆಮೇಲೆ ಇನ್ನೊಂದಿಷ್ಟು ಬಿಗಿ ಮಾಡಿ ಎಂದು. ಹಾಗೆ ಮಾಡಿದರೆ ಎಲ್ಲ ರೈಫಲಿನಲ್ಲೂ ಹೋಗುವ ತೋಟೆ ಬರುತ್ತದೆ ನಿಜ, ಆದರೆ ಭುಜ ಬೇಕಾದ್ದಕ್ಕಿಂತ ಬಹಳ ಹಿಂದೆ ಸರಿದಿರಬಹುದು. ಪ್ರತಿ ಹೊಡೆತಕ್ಕೂ ಕೇಸು ಆ ತೆರವನ್ನು ತುಂಬಲು ಹಿಗ್ಗುತ್ತದೆ, ಬುಡದ ಮೇಲ್ಭಾಗದಲ್ಲಿ ಹಿತ್ತಾಳೆ ತೆಳುವಾಗುತ್ತದೆ, ಒಂದು ದಿನ ಕೇಸು ಅಲ್ಲೇ ತುಂಡಾಗಿ ಬಿಸಿ ಅನಿಲ ಹಿಂದಕ್ಕೆ ನುಗ್ಗಬಹುದು. ಇದನ್ನು ತಡೆಯುವ ಸಲಕರಣೆ ಯಾವುದು? ಕ್ಯಾಲಿಪರಿನ ದವಡೆಗೆ ಸಿಕ್ಕಿಸುವ ಭುಜದ ಕಂಪ್ಯಾರೇಟರ್. ಹೊಡೆದ ಕೇಸನ್ನು ಅಳೆಯಿರಿ, ಮರುಅಳತೆಗೆ ತಂದದ್ದನ್ನು ಅಳೆಯಿರಿ, ವ್ಯತ್ಯಾಸ ನೋಡಿ ಡೈಯನ್ನು ತಿರುಗಿಸಿ. ಒಳ್ಳೆಯ ಪ್ರೆಸ್ಸಿನ ಬೆಲೆಯ ಚಿಕ್ಕ ಪಾಲಿಗೆ ಇದು ಸಿಗುತ್ತದೆ. ಪ್ರೆಸ್ಸಿಗೆ ಇಷ್ಟೊಂದು ವಾದ ಹೂಡಿದ ಯಾರೊಬ್ಬರೂ ತಮ್ಮ ಪಟ್ಟಿಯಲ್ಲಿ ಇದನ್ನು ಸೇರಿಸಿಲ್ಲ ಎನ್ನುವುದು ನನಗೆ ನಿಜವಾಗಿ ಬೇಸರ ತಂದಿದೆ.

ಡೈಯಲ್ಲೇ ದುಡ್ಡು ಹಾಕುವುದಾದರೆ ಗುಂಡು ಕೂರಿಸುವ ಡೈಗೆ ಹಾಕಿ. ಫಾರ್‌ಸ್ಟರ್, ರೆಡ್ಡಿಂಗ್ ಕಂಪನಿಗಳ ಮೇಲ್ದರ್ಜೆಯ ಡೈಗಳಲ್ಲಿ ಜಾರುವ ತೋಳೊಂದಿರುತ್ತದೆ. ಗುಂಡು ಕತ್ತಿನೊಳಗೆ ಇಳಿಯುವ ಮೊದಲೇ ಅದು ಕೇಸನ್ನೂ ಗುಂಡನ್ನೂ ಒಂದೇ ರೇಖೆಗೆ ತಂದಿರುತ್ತದೆ. ಮೇಲಿನ ಮೈಕ್ರೋಮೀಟರ್ ತಲೆ ಅನುಕೂಲಕ್ಕಷ್ಟೇ. ಗುಂಡಿನ ತುದಿಯಿಂದ ತೋಟೆಯ ಉದ್ದ ಅಳೆಯುವ ಅಭ್ಯಾಸವನ್ನು ಬಿಡಿ, ತುದಿಗಳು ಒಂದರಂತೆ ಒಂದಿರುವುದಿಲ್ಲ. ಗುಂಡಿನ ಬಾಗು ನಳಿಗೆಯ ಗೆರೆಗಳನ್ನು ಮುಟ್ಟುವ ಜಾಗದಿಂದ ಅಳೆಯಬೇಕು. ಅದಕ್ಕೂ ಕಂಪ್ಯಾರೇಟರೇ ಬೇಕು.

ಕತ್ತು ಕೆತ್ತುವ ಉಪಕರಣ, ಗುಂಡಿನ ಓರೆ ಅಳೆಯುವ ಗೇಜು, ಕೇಸಿನ ಕತ್ತನ್ನು ಕಾಯಿಸಿ ಮೆದುಮಾಡುವ ಯಂತ್ರ ಇವನ್ನು ನಾನು ಬಿಟ್ಟದ್ದು ತಪ್ಪು ಎಂದವರಿಗೆ ಚಿಕ್ಕ ಉತ್ತರ. ಕತ್ತಿನ ಜಾಗ ಬಿಗಿಯಾಗಿ ಕೊರೆದ ಚೇಂಬರಿಗೆ ಕೆತ್ತನೆ ಬೇಕು, ಕಾರ್ಖಾನೆಯ ರೈಫಲಿಗೆ ಬೇಡ. ಓರೆ ಹೆಚ್ಚಾಗಿ ಹುಟ್ಟುವುದು ಡೈಯೊಳಗಿನ ಗುಂಡಿಯನ್ನು ಕತ್ತಿನ ಮೂಲಕ ಒಣದಾಗಿ ಎಳೆಯುವುದರಿಂದ. ಗುಂಡಿ ತೆಗೆದು, ಕತ್ತನ್ನು ಹಿಗ್ಗಿಸುವ ಮ್ಯಾಂಡ್ರಲ್ ಬಳಸಿದರೆ ಗೇಜಿಗೆ ಕೆಲಸವೇ ಕಡಿಮೆ. ಕಾಯಿಸುವುದು ಒಳ್ಳೆಯದು, ಏಕೆಂದರೆ 70 ಪಾಲು ತಾಮ್ರ, 30 ಪಾಲು ಸತುವಿನ ಆ ಹಿತ್ತಾಳೆ ಪ್ರತಿ ಸಲ ಬಡಿತ ತಿಂದು ಗಡುಸಾಗುತ್ತದೆ. ಆದರೆ ಶಾಖ ಬುಡಕ್ಕೆ ಇಳಿದರೆ ಕೇಸು ಕೆಲಸಕ್ಕೆ ಬಾರದು, ಅಪಾಯವೂ ಹೌದು. ಕೈ ಪಳಗಿದ ಮೇಲೆ ನೋಡಬಹುದು.

ತಮ್ಮ ಭಾರಿ ಪ್ರೆಸ್ಸಿನ ತೋಟೆಗಳಿಂದ ಹೊಡೆದ ಮೂರು ತೂತುಗಳ ಕಾಗದವನ್ನು ನನಗೆ ತೋರಿಸಿ, ಇದಕ್ಕೇನು ಹೇಳುತ್ತೀರಿ ಎಂದು ಕೇಳಿದವರಿದ್ದಾರೆ. ಗುಂಪು ಸುಂದರವಾಗಿದೆ. ಸಾಕ್ಷಿಯಾಗಿ ಅದು ನಿಲ್ಲುವುದಿಲ್ಲ. ಅದೇ ರೈಫಲ್, ಅದೇ ತೋಟೆ ಇಟ್ಟುಕೊಂಡು ಮೂರರ ಬದಲು ಹತ್ತು ಗುಂಡು ಹೊಡೆದರೆ ಗುಂಪಿನ ಅಗಲ ಸರಾಸರಿ 1.6 ಪಟ್ಟು ಆಗುತ್ತದೆ. ಇದು ಸಂಭವನೀಯತೆಯ ಗಣಿತ, ಯಾರ ಕೈಚಳಕವೂ ಅದನ್ನು ಬದಲಿಸದು. ಎರಡು ಪ್ರೆಸ್ಸುಗಳ ತೋಟೆಗಳನ್ನು ಮೂರು ಮೂರು ಹೊಡೆದು ಚಿಕ್ಕ ಗುಂಪಿನದು ಗೆದ್ದಿತು ಎನ್ನುವುದು ನಾಣ್ಯ ಚಿಮ್ಮಿ ತೀರ್ಪು ಕೊಟ್ಟಂತೆ. ವೇಗದ ಲೆಕ್ಕವೂ ಅಷ್ಟೇ. ಐದು ಹೊಡೆತಗಳಲ್ಲಿ ವೇಗದ ಪ್ರಮಾಣಿತ ವಿಚಲನೆ ಸೆಕೆಂಡಿಗೆ 8 ಅಡಿ ಬಂದಿತು ಎಂದರೆ, ನೂರಕ್ಕೆ 95ರ ಭರವಸೆಯಲ್ಲಿ ಹೇಳಬಹುದಾದದ್ದು ಇಷ್ಟೇ: ನಿಜವಾದ ಅಂಕಿ 5ರಿಂದ 23ರ ನಡುವೆ ಎಲ್ಲೋ ಇದೆ. ಆದ್ದರಿಂದಲೇ ವೇಗ ಅಳೆಯುವ ಕ್ರೋನೋಗ್ರಾಫನ್ನು ನಾನು ಪಟ್ಟಿಯ ಮೇಲ್ಭಾಗದಲ್ಲಿ ಇಟ್ಟದ್ದು, ಮತ್ತು ಉಳಿದ ದುಡ್ಡನ್ನು ಗುಂಡು ಮದ್ದಿಗೆ ಖರ್ಚುಮಾಡಿ ಹೆಚ್ಚು ಹೊಡೆಯಿರಿ ಎಂದದ್ದು.

ಕಾರ್ಖಾನೆಯ ಮ್ಯಾಚ್ ತೋಟೆಗಳೇ ಸಾಕಷ್ಟು ಚೆನ್ನಾಗಿವೆ, ಇಷ್ಟೆಲ್ಲ ಏಕೆ ಎಂಬ ಮಾತಿಗೆ ನನ್ನ ವಿರೋಧವಿಲ್ಲ. ಫೆಡರಲ್ ಗೋಲ್ಡ್ ಮೆಡಲ್‌ನಂಥ ತೋಟೆ ಎಷ್ಟೋ ಮನೆತುಂಬಿದ ತೋಟೆಗಳನ್ನು ನಾಚಿಸುತ್ತದೆ. ಉಳಿತಾಯದ ಆಸೆ ತೋರಿಸಿ ಯಾರನ್ನೂ ನಾನು ಈ ಕೆಲಸಕ್ಕೆ ಕರೆಯುವುದಿಲ್ಲ. ಉಳಿದ ದುಡ್ಡಿಗೆ ಇನ್ನಷ್ಟು ಹೊಡೆಯುತ್ತೇವೆ, ಅಷ್ಟೇ. ಆದರೆ ಕಾರ್ಖಾನೆ ಎಲ್ಲರ ಚೇಂಬರಿಗೂ ಹೊಂದುವಂತೆ ಮಾಡಬೇಕು. ನಾನು ನನ್ನ ಒಂದೇ ಚೇಂಬರಿಗೆ ಮಾಡುತ್ತೇನೆ.

ಮಲೆನಾಡಿನ ಹಿರಿಯರೊಬ್ಬರು ಪತ್ರದಲ್ಲಿ ಬರೆದದ್ದು ಬೇರೆ ಬಗೆಯದು. ತಮ್ಮ ಕಾಲದಲ್ಲಿ ಕೇಪಿನ ಕೋವಿಗೆ ಅಳತೆಗೊಳವೆಯಲ್ಲಿ ಮದ್ದು ಸುರಿದು, ಗಜದ ಕೋಲಿನಿಂದ ಜಡಿದು ಈಡು ಮಾಡುತ್ತಿದ್ದರು, ತಕ್ಕಡಿಯ ಹೆಸರೇ ಕೇಳಿರಲಿಲ್ಲ ಎಂದಿದ್ದಾರೆ. ಹೌದು ಸ್ವಾಮಿ, ಅದು ಕರಿಮದ್ದು. ಕರಿಮದ್ದನ್ನು ಗಾತ್ರದಿಂದ ಅಳೆಯುವುದೇ ಪದ್ಧತಿ, ಚೂರು ಹೆಚ್ಚುಕಡಿಮೆಯಾದರೂ ಅದು ತಾಳಿಕೊಳ್ಳುತ್ತದೆ. ಇಂದಿನ ಹೊಗೆಯಿಲ್ಲದ ಮದ್ದು ತಾಳುವುದಿಲ್ಲ. ಒತ್ತಡ ಹೆಚ್ಚಿದಷ್ಟೂ ಅದು ಇನ್ನಷ್ಟು ವೇಗವಾಗಿ ಉರಿದು ಒತ್ತಡವನ್ನು ಮತ್ತೆ ಏರಿಸುತ್ತದೆ. ಕರಿಮದ್ದಿನ ಕೋವಿಗೆ ಈ ಮದ್ದನ್ನು ಹಾಕಿದರೆ ನಳಿಗೆ ಒಡೆದು ಕೈ, ಕಣ್ಣು ಹೋಗುತ್ತವೆ. ಆ ಪತ್ರವನ್ನು ಯಾರಾದರೂ ಕಿರಿಯರು ಓದಿ ಎರಡೂ ಒಂದೇ ಎಂದುಕೊಂಡಾರು ಎಂಬ ಭಯಕ್ಕೆ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಕ್ಕಳಿರುವ ಮನೆಯಲ್ಲಿ ಇದು ಸಲ್ಲದು ಎಂದ ಸೋದರಿಯ ಆತಂಕ ನನಗೆ ಅರ್ಥವಾಗುತ್ತದೆ. ಬೀಗ ಹಾಕುವ ಕಪಾಟು, ಕಣ್ಣಿಗೆ ಕನ್ನಡಕ, ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಮದ್ದಿನ ಡಬ್ಬಿ, ಮದ್ದು ತಯಾರಕರ ಕೈಪಿಡಿ ಹೇಳಿದ ಅಳತೆಯ ಕೆಳಗಿನ ತುದಿಯಿಂದ ಆರಂಭ: ಇವು ನನ್ನ ಸಲಕರಣೆಯ ಪಟ್ಟಿಯೊಳಗೇ ಇವೆ. ಅಮೆರಿಕದ ಅಗ್ನಿಸುರಕ್ಷೆಯ ಎನ್‌ಎಫ್‌ಪಿಎ 495 ನಿಯಮಾವಳಿ ಮನೆಯಲ್ಲಿ ಮೂಲ ಡಬ್ಬಿಗಳಲ್ಲೇ 20 ಪೌಂಡ್‌ವರೆಗೆ ಹೊಗೆಯಿಲ್ಲದ ಮದ್ದು ಇಡಬಹುದು ಎನ್ನುತ್ತದೆ. ಅದಕ್ಕಿಂತ ಹೆಚ್ಚಾದರೆ 50 ಪೌಂಡ್‌ವರೆಗೆ ದಪ್ಪ ಮರದ ಕಪಾಟು ಬೇಕು. ಊರಿನ ನಿಯಮ ಇನ್ನೂ ಬಿಗಿಯಿದ್ದರೆ ಅದೇ ಅಂತಿಮ. ಫೀನಿಕ್ಸಿನ ಬೇಸಿಗೆಯಲ್ಲಿ ಗ್ಯಾರೇಜಿನೊಳಗೆ ಮದ್ದು ಇಡಲೇಬೇಡಿ. ಆಕೆ ಹೇಳದೆ ಬಿಟ್ಟ ಅಪಾಯವೊಂದನ್ನು ನಾನೇ ಸೇರಿಸುತ್ತೇನೆ: ಸೀಸ. ಕೇಪಿನೊಳಗಿನ ರಾಸಾಯನಿಕದಲ್ಲಿ ಸೀಸವಿದೆ, ಹೊಡೆದ ಕೇಸುಗಳನ್ನು ಒಣದಾಗಿ ಉಜ್ಜುವ ಯಂತ್ರದ ಧೂಳಿನಲ್ಲಿ ಅದು ಮನೆ ತುಂಬ ಹರಡುತ್ತದೆ. ನೀರಿನಲ್ಲಿ ತೊಳೆಯುವ ಯಂತ್ರ ಕೊಳ್ಳಿ. ಕೈ ತೊಳೆಯದೆ ಮಗುವನ್ನು ಎತ್ತಿಕೊಳ್ಳಬೇಡಿ, ಊಟದ ಮೇಜಿನ ಮೇಲೆ ಈ ಕೆಲಸ ಬೇಡವೇ ಬೇಡ.

ಕೊನೆಯದಾಗಿ, ಹಳೆಯ ಸಾಮಾನು ಕೊಳ್ಳಿ ಎಂದು ನಾನು ಹೇಳಿದ್ದು ಬೇಜವಾಬ್ದಾರಿ ಎಂಬ ದೂರು. ಎರಕದ ಪ್ರೆಸ್ಸಿನಲ್ಲಿ ಸವೆಯುವ ಭಾಗಗಳೇ ಕಡಿಮೆ. ರ‍್ಯಾಮ್ ಅಲುಗಾಡುತ್ತದೆಯೇ, ಸನ್ನೆಯ ಪಿನ್ನು ಸಡಿಲವೇ ಎಂದು ನೋಡಿ ಧೈರ್ಯವಾಗಿ ಕೊಳ್ಳಬಹುದು. ದಂಡದ ತಕ್ಕಡಿಯ ಚೂರಿಯಂಚನ್ನು ಬೆಳಕಿಗೆ ಹಿಡಿದು ನೋಡಿ, ಪರೀಕ್ಷಾ ತೂಕವಿಟ್ಟು ಪ್ರತಿ ಸಲ ಅದೇ ಜಾಗಕ್ಕೆ ಬಂದು ನಿಲ್ಲುತ್ತದೆಯೇ ಗಮನಿಸಿ. ಡೈಯೊಳಗೆ ಗೀರು ಅಥವಾ ತುಕ್ಕು ಇದ್ದರೆ ಬಿಟ್ಟುಬಿಡಿ. ಮಾರುವವರು ಪುಕ್ಕಟೆಯಾಗಿ ಕೊಡುವ, ಬಾಯಿ ತೆರೆದ ಮದ್ದಿನ ಡಬ್ಬಿಯನ್ನು ಮಾತ್ರ ಮುಟ್ಟಬೇಡಿ. ಡಬ್ಬಿಯ ಮೇಲಿನ ಚೀಟಿ ಹೇಳುವ ಮದ್ದೇ ಒಳಗಿದೆ ಎಂದು ಪರೀಕ್ಷಿಸುವ ಸಲಕರಣೆ ನಿಮ್ಮಲ್ಲೂ ಇಲ್ಲ, ನನ್ನಲ್ಲೂ ಇಲ್ಲ.